ಕೂಡಿಟ್ಟ ಬೈಗುಳ

೧೯೪೦ ಸೆಪ್ಟೆಂಬರ್ ೯, ಸೋಮವಾರ

ಮಗ ಸಿದ್ದರಾಜು ಇವತ್ತು ರಂಗೂನಿಗೆ ಹೊರಟ. ಅವನು ಕೆಲಸ ಮಾಡುವ ಮಂಡ್ಯದ ಬೆಲ್ಲದ ಮಂಡಿಯ ಸಾಹುಕಾರರಿಗೆ ನಮ್ಮ ಸೀಮೆಯ ಅಚ್ಚುಬೆಲ್ಲವನ್ನು ಕಡಲಾಚೆ ಮಾರುವ ಹುಚ್ಚು ಹತ್ತಿದೆ. ಹುಚ್ಚು ಹತ್ತಿದವರು ತಾವೇ ಹೋಗಬೇಕು. ಅವರಿಗೆ ದೋಣಿ ಕಂಡರೂ ತಲೆ ಸುತ್ತುತ್ತದಂತೆ, ನನ್ನ ಮಗನನ್ನು ಕಳಿಸಿದರು. ಅದೂ ಸೋಮವಾರ. ಸೋಮವಾರ ಎತ್ತಿನ ಕುತ್ತಿಗೆಗೆ ನೊಗ ಇಡಬಾರದೆಂದು ತೊಟ್ಟಿಲ ಕೂಸಿಗೂ ಗೊತ್ತು. ಗಾಡಿ ಕಟ್ಟುವ ಹಾಗಿಲ್ಲ. ನಮ್ಮ ಗದ್ದೆ ನೋಡಿಕೊಳ್ಳುವ ಹುಚ್ಚೀರಯ್ಯ ಬೆಲ್ಲದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಮ್ಮೂರು ಹೊಳಲಿನಿಂದ ಮಂಡ್ಯದ ಸ್ಟೇಷನ್ನಿನವರೆಗೂ ನಡೆದ. ಊರಿನ ಇರುವೆಗಳೆಲ್ಲ ಹಿಂದೆಯೇ ನಡೆದಿರಬೇಕು.

ನಮ್ಮ ವಂಶದಲ್ಲಿ ಕಡಲು ದಾಟುವವನು ಇವನೇ ಮೊದಲು. ಯುದ್ಧ ಬೇರೆ. ನೀರಿನೊಳಗಿಂದಲೇ ಹಡಗಿಗೆ ಗುಂಡು ಹೊಡೆಯುತ್ತಾರಂತೆ.

ಅವನು ತೋಪು ದಾಟಿ ಮರೆಯಾದ ಮೇಲೆ ಹನುಮಂತರಾಯನ ಗುಡಿಗೆ ಹೋದೆ. ಕಡಲು ದಾಟಿದ ದೇವರಿಗೇ ಕಡಲು ದಾಟುವವನ ಕಷ್ಟ ತಿಳಿಯುವುದು. ಹರಕೆಗೆ ಏನು ಬಿಡಲಿ ಎಂದು ಯೋಚಿಸಿದೆ. ಎಲೆ ಅಡಿಕೆ ಬಿಟ್ಟರೆ ಅದೇನು ದೊಡ್ಡದು? ರಾತ್ರಿಯೂಟ ಬಿಟ್ಟರೆ, ಹೇಗೂ ಈ ವಯಸ್ಸಿಗೆ ಅದು ಒಗ್ಗುವುದಿಲ್ಲ, ದೇವರಿಗೆ ಮೋಸ ಮಾಡಿದ ಹಾಗೆ. ನನ್ನ ಹತ್ತಿರ ಇರುವ ಒಂದೇ ಬೆಲೆಯುಳ್ಳ ವಸ್ತು ನನ್ನ ನಾಲಗೆ. ‘ನನ್ ಮಗ ವಾಪ್ಸು ಬಂದು ಹೊಸ್ಲು ದಾಟೋಗಂಟ ಯಾರ್ನೂ ಬಯ್ಯಾಕಿಲ್ಲ ಕಣಪ್ಪ’ ಎಂದು ಹೇಳಿ, ಅರಿಸಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿಕೊಂಡು ಬಂದು ದೇವರ ಗೂಡಿನಲ್ಲಿ ಇಟ್ಟೆ. ಇಂಥ ಹರಕೆಯನ್ನು ತೀರುವವರೆಗೆ ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಫಲವಿಲ್ಲ.

ಮನೆಗೆ ಬಂದ ಮೇಲೆ ಗೊತ್ತಾಯಿತು ಎಂಥ ಕೆಲಸ ಮಾಡಿಕೊಂಡೆನೆಂದು. ಸೊಸೆ ಇಂದ್ರಮ್ಮ ಗಂಡ ಹೋದ ದಾರಿ ನೋಡುತ್ತ ನಿಂತು ಒಲೆಯ ಮೇಲಿನ ಹಾಲೆಲ್ಲ ಉಕ್ಕಿಸಿದಳು. ಸೇರು ಹಾಲು! ಬಾಯಿ ತೆರೆದೆ, ಮುಚ್ಚಿದೆ. ಹೊಟ್ಟೆ ಉಬ್ಬಿಕೊಂಡ ಹಾಗಾಯಿತು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಮೂರು ವರ್ಷ ಮಠದ ಅಯ್ಯನವರ ಬಳಿ ಮರಳಿನ ಮೇಲೆ ತಿದ್ದಿಸಿದ್ದ. ಆ ಅಕ್ಷರ ಇವತ್ತು ಕೆಲಸಕ್ಕೆ ಬಂತು. ಮೊಮ್ಮಗಳು ದೇವೀರಿಯ ಹೊಸ ಪುಸ್ತಕವೊಂದನ್ನು ಎತ್ತಿಕೊಂಡಿದ್ದೇನೆ. ಬೈಗುಳ ಕೊಳೆತುಹೋಗದ ಹಾಗೆ ಇದರಲ್ಲಿ ಕೂಡಿಡುತ್ತೇನೆ. ಅವನು ಬಂದ ದಿನ ಓದಿ ಓದಿ ಯಾರ್ಯಾರದು ಅವರವರಿಗೆ ಕೊಡುತ್ತೇನೆ.

ಇಂದ್ರಮ್ಮನಿಗೆ ಮೊದಲನೆಯದು: ಕಣ್ಣು ಹಾದಿಯ ಮೇಲೆ, ಹಾಲು ಬೂದಿಯ ಮೇಲೆ. ಮೂದೇವಿ, ಹಾಲೇನು ನಿನ್ನ ಅಪ್ಪನ ಮನೆಯಿಂದ ಬರುತ್ತದೇನೇ?

ಬರೆದ ಮೇಲೆ ಊಟ ಸೇರಿತು.

ಸೆಪ್ಟೆಂಬರ್ ೧೪, ಶನಿವಾರ

ಪಕ್ಕದ ಮನೆಯ ಮಹದೇವಮ್ಮನ ಕೋಳಿ ನಮ್ಮ ಸೊಪ್ಪಿನ ಪಾತಿಯನ್ನು ಕೆದಕಿತು. ಹೋದ ತಿಂಗಳಾಗಿದ್ದರೆ ನನ್ನ ಮಾತಿಗೇ ಆ ಕೋಳಿ ಮೊಟ್ಟೆ ಇಡುವುದನ್ನು ಬಿಡುತ್ತಿತ್ತು. ನಾನು ಹುಶ್ ಎಂದು ಓಡಿಸಿ ಸುಮ್ಮನಾದೆ. ಗೋಡೆಯಾಚೆ ಕಾದು ನಿಂತಿದ್ದವಳಿಗೆ ನಿರಾಸೆಯಾಯಿತು.

‘ಏನ್ ಮಲ್ಲಿಗಕ್ಕ, ನಿನ್ ನಾಲ್ಗೆನೂ ಮಗನ್ ಪೆಟ್ಗೇಲಿಟ್ಟು ರಂಗೂನ್ಗೆ ಕಳ್ಸುಬುಟ್ಯಾ?’ ಎಂದಳು.

‘ಚೆನ್ನಾಗಿದ್ದೀಯಾ ಮಾದೇವಮ್ಮ?’ ಎಂದೆ. ಅವಳು ಹೆದರಿ ಒಳಗೆ ಹೋದಳು.

ಅವಳಿಗೆ ಒಂದು ಪೂರಾ ಪುಟ ಬರೆದಿದ್ದೇನೆ. ಇಂದ್ರಮ್ಮನಿಗೆ ಈ ವಾರ ಏಳು: ಸಾರಿಗೆ ಉಪ್ಪು ಎರಡು ಸಲ ಹಾಕಿದ್ದಕ್ಕೆ, ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕದೆ ಮಲಗಿದ್ದಕ್ಕೆ, ತಲೆ ಬಾಚುತ್ತ ಬಾಗಿಲಲ್ಲಿ ನಿಂತದ್ದಕ್ಕೆ, ಮಗಳ ಜೊತೆ ಕುಂಟೆಬಿಲ್ಲೆ ಆಡಿದ್ದಕ್ಕೆ. ಹನ್ನೊಂದು ವರ್ಷವಾಯಿತು ತವರು ದುದ್ದದಿಂದ ಈ ಮನೆಗೆ ಬಂದು. ಮಗು ಒಂಬತ್ತು ವರ್ಷದ್ದಾಯಿತು. ಇನ್ನೂ ಕುಂಟೆಬಿಲ್ಲೆ. ಮಿಕ್ಕ ಮೂರು ಏನಕ್ಕೆಂದು ಮರೆತೆ, ಆದರೂ ಬರೆದುಕೊಂಡೆ, ಇರಲಿ.

ಸೆಪ್ಟೆಂಬರ್ ೨೮, ಶನಿವಾರ

ರಂಗೂನಿನಿಂದ ಕಾಗದ ಬಂತು. ದೇವೀರಿ ಜೋರಾಗಿ ಓದಿದಳು. ಹಡಗಿನ ಸೆಕೆಗೆ ಬೆಲ್ಲ ಕರಗಿ ಅವನ ಹಾಸಿಗೆಗೆಲ್ಲ ಅಂಟಿತಂತೆ, ಮೂರು ದಿನ ಜೇನುನೊಣದ ಹಾಗೆ ಅಂಟಿಕೊಂಡೇ ಮಲಗಿದ್ದನಂತೆ. ಆದರೂ ಅಲ್ಲಿನ ವ್ಯಾಪಾರಿಗಳಿಗೆ ರುಚಿ ಹಿಡಿಸಿದೆ. ಇನ್ನೊಂದು ತಿಂಗಳಲ್ಲಿ ಹೊರಡುತ್ತಾನೆ.

ಆಮೇಲೆ ಹೊಸದೊಂದು ಬರೆದಿದ್ದಾನೆ. ರಂಗೂನಿನಲ್ಲಿ ಬಿಳಿಯರು ಶನಿವಾರ ಮಧ್ಯಾಹ್ನಕ್ಕೆ ಕಚೇರಿಯ ಬಾಗಿಲು ಹಾಕಿದರೆ ಸೋಮವಾರವೇ ತೆಗೆಯುವುದಂತೆ. ನಡುವೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೆರೆಯ ದಂಡೆಗೋ ಬೆಟ್ಟಕ್ಕೋ ಹೋಗಿ, ಬುತ್ತಿ ತಿಂದು, ಸುಮ್ಮನೆ ಕೂತು ಬರುತ್ತಾರಂತೆ. ‘ಅವ್ವಾ, ನಾನು ಬಂದ ಮೇಲೆ ನಾವೂ ಒಂದು ಶನಿವಾರ ಹೊರಟು ಗಗನಚುಕ್ಕಿ ನೋಡಿ ಭಾನುವಾರ ಬರೋಣ. ಸಾಹುಕಾರರು ರಜ ಕೊಡಲು ಒಪ್ಪಿದ್ದಾರೆ. ಬೆಳಕವಾಡಿಯಲ್ಲಿ ಮಂಗಳ ಚಿಕ್ಕವ್ವನ ಮನೆಯಲ್ಲಿ ಇಳಿದುಕೊಂಡರಾಯಿತು. ಇವಳು ಮನೆ ಬಿಟ್ಟು ಏನನ್ನೂ ನೋಡಿಲ್ಲ.’

ಇವಳು ಎಂದರೆ ಇಂದ್ರಮ್ಮ. ಹೆಸರು ಬರೆಯಲು ನಾಚಿಕೆ. ಅವಳು ಕಂಬ ಹಿಡಿದು ನಿಂತು ಕೇಳುತ್ತಿದ್ದವಳು, ಕಾಗದವನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

ನಾನು ಏನೂ ಅನ್ನಲಿಲ್ಲ. ಅನ್ನುವುದು ಇಲ್ಲಿದೆ: ಹಸುವಿನ ಹಾಲು ಯಾರು ಕರೆಯುತ್ತಾರೆ, ಬಿಳಿಯರೇ? ನೀರು ಮೇಲಿನಿಂದ ಕೆಳಕ್ಕೆ ಬೀಳುವುದನ್ನು ನೋಡಲು ಬೆಳಕವಾಡಿಗೆ ಹೋಗಬೇಕೆ? ನಮ್ಮ ನಾಲೆಯ ತೂಬಿನಲ್ಲಿ ದಿನವೂ ಬೀಳುತ್ತದೆ.

ಅಕ್ಟೋಬರ್ ೨, ಬುಧವಾರ

ನಿನ್ನೆ ಮಾರ್ನಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಟ್ಟೆವು. ಹನ್ನೆರಡು ಬಗೆ ಅಡುಗೆಯಲ್ಲಿ ಇಂದ್ರಮ್ಮ ಒಂದನ್ನೂ ಕೆಡಿಸಲಿಲ್ಲ. ಬೇಕೆಂದೇ ಹುಡುಕಿದೆ, ಸಿಗಲಿಲ್ಲ.

ಇವತ್ತು ಹಿತ್ತಿಲಲ್ಲಿ ಮಹದೇವಮ್ಮನ ಜೊತೆ ಅವಳು ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು.

‘ಓಯ್ತೀರಂತಲ್ಲ ಗಗನಚುಕ್ಕಿಗೆ?’

‘ಅತ್ತೆಮ್ಮಂಗೆ ಇಷ್ಟ ಇಲ್ಲ ಕಣಕ್ಕ. ಬಾಯೇ ಬುಡಾಕಿಲ್ಲ. ಅವ್ರು ರಂಗೂನ್ಗೆ ಓದಾಗ್ನಿಂದ ನನ್ ಮ್ಯಾಗೆ ಏನೋ ಮುನ್ಸು. ಒಂದ್ ಬೈಗ್ಳ ಇಲ್ಲ, ನೋಡು. ಹಾಲ್ ಉಕ್ಸುದ್ರೂ ಇಲ್ಲ.’

‘ಅಯ್, ಬಯ್ಯದಿದ್ರೆ ಹಬ್ಬ ಮಾಡ್ಕೊ.’

‘ಬಯ್ದಾಗ ಮನೆಯೋಳು ಅನ್ನುಸ್ತಿತ್ತು ಕಣಕ್ಕ. ಈಗ ನೆಂಟ್ರ ಮನೇಲಿದ್ದಂಗೆ ಆಯ್ತದೆ.’

ಪೆದ್ದಿ. ಪೆದ್ದಿ ಎಂದು ನಾಲಗೆಯ ತುದಿಗೆ ಬಂದಿತ್ತು. ‘ಇಷ್ಟ ಇಲ್ಲ ಅಂತ ನಾನ್ಯಾವಾಗ ಅಂದೆ’ ಎಂದು ಕೇಳಲು ಹೋದರೆ ಅದರ ಹಿಂದೆಯೇ ಒಂದು ಗಾಡಿ ಬೈಗುಳ ಬರುತ್ತದೆ, ತಡೆಯಲು ನನ್ನಿಂದಾಗದು. ಬಯ್ಯದೆ ಮಾತಾಡುವುದು ನನಗೆ ಯಾರೂ ಕಲಿಸಿಲ್ಲ.

ಸಂಜೆ ಊಟಕ್ಕೆ ಕೂತಾಗ, ‘ಬೆಳಕವಾಡಿಗೆ ಓಗುವಾಗ ತಂಬಿಟ್ಟು ಮಾಡ್ಕೊಂಡು ಓಗ್ಬೇಕು, ಮಂಗಳಂಗೆ ಇಷ್ಟ’ ಎಂದೆ. ಅಷ್ಟೇ. ಅವಳ ಮುಖ ನೋಡಬೇಕಿತ್ತು. ಮುದ್ದೆ ಬಡಿಸುವುದನ್ನೇ ಮರೆತು ನಿಂತಳು. (ಇದಕ್ಕೂ ಒಂದು.)

ಅಕ್ಟೋಬರ್ ೮, ಮಂಗಳವಾರ

ಇಂದ್ರಮ್ಮನಿಗೆ ಚಳಿಜ್ವರ. ನಾಲೆ ಬಂದು ಗದ್ದೆ ಹಸಿರಾದಾಗಿನಿಂದ ಈ ಸೀಮೆಯಲ್ಲಿ ಇದು ಯಾರನ್ನೂ ಬಿಟ್ಟಿಲ್ಲ. ಮಧ್ಯಾಹ್ನ ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎಂದವು. ಆಮೇಲೆ ಬೆಂಕಿಯಂತೆ ಕಾದಳು, ಆಮೇಲೆ ಬೆವತು ಎದ್ದು ಕೂತಳು. ಕೊಸರು ಜ್ವರ, ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ.

ಸೈಕಲ್ಲಿನ ಮೇಲೆ ಬರುವ ಮಲೇರಿಯಾ ಇನ್ಸ್‌ಪೆಕ್ಟರು ಹತ್ತು ಕ್ವಿನೈನು ಮಾತ್ರೆ ಕೊಟ್ಟು ಹೋದರು. ಬೇವಿನ ಅಜ್ಜನ ಹಾಗೆ ಕಹಿ. ನಾನು ಹೋದ ವರ್ಷ ನುಂಗಿದ್ದೆ, ನಾಲ್ಕು ದಿನ ಕಿವಿಯಲ್ಲಿ ಜೀರುಂಡೆ ಕೂಗಿತ್ತು.

ಸಾಯಂಕಾಲ ನಾನು ಕೊಟ್ಟಿಗೆಯಿಂದ ಬರುವಾಗ ಅವಳು ಬಾಯಲ್ಲಿದ್ದ ಮಾತ್ರೆಯನ್ನು ಅಂಗೈಗೆ ಉಗುಳಿ, ಒರಳುಕಲ್ಲಿನ ಹಿಂದಿನ ಗೋಡೆಯ ಸಂದಿಗೆ ತುರುಕಿದಳು. ನಾನು ನೋಡಿದ್ದನ್ನು ಅವಳು ನೋಡಲಿಲ್ಲ.

‘ಮಾತ್ರೆ ತಗೊಂಡ್ಯೇನಮ್ಮ?’ ಎಂದೆ.

‘ಊಂ ಅತ್ತೆಮ್ಮ.’

ಬೇರೆ ಕಾಲವಾಗಿದ್ದರೆ ಜುಟ್ಟು ಹಿಡಿದು ದವಡೆ ಅದುಮಿ ನುಂಗಿಸುತ್ತಿದ್ದೆ, ಬೀದಿಯೆಲ್ಲ ಕೇಳುವ ಹಾಗೆ. ದೇವೀರಿ ಹೆತ್ತಾಗ ಲೇಹ್ಯವನ್ನು ಹಾಗೆಯೇ ತಿನ್ನಿಸಿದ್ದೆ. ಇವತ್ತು ಅಮೃತಬಳ್ಳಿಯ ಕಷಾಯ ಮಾಡಿ ಮುಂದಿಟ್ಟೆ, ಕುಡಿದಳು. ಇಷ್ಟು ಜನಕ್ಕೆ ಬಂದು ಹೋಗಿದೆ, ಇವಳಿಗೂ ಹೋಗುತ್ತದೆ. ಇನ್ನು ಹದಿನೈದು ಇಪ್ಪತ್ತು ದಿನ, ಅವನು ಬರಲಿ, ಸಂದಿಯಲ್ಲಿರುವ ಮಾತ್ರೆಯನ್ನೆಲ್ಲ ಎಣಿಸಿ ತೆಗೆದು ಒಟ್ಟಿಗೇ ನುಂಗಿಸುತ್ತೇನೆ.

ಅಕ್ಟೋಬರ್ ೧೫, ಮಂಗಳವಾರ

ಎರಡು ದಿನದಿಂದ ಜ್ವರವಿಲ್ಲ. ಕಷಾಯ ಹಿಡಿಯಿತು.

ಇವತ್ತು ಮೂವರೂ ಕೂತು ಪ್ರಯಾಣದ ಲೆಕ್ಕ ಹಾಕಿದೆವು. ಮಂಡ್ಯದಿಂದ ರೈಲಿನಲ್ಲಿ ಮದ್ದೂರು, ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿ, ಮಳವಳ್ಳಿಯಿಂದ ಬೆಳಕವಾಡಿ. ಗಾಡಿಯಲ್ಲೇ ಹೋಗೋಣವೆಂದು ನಾನು ಅಂದೆ. ಭಾನುವಾರ ಹೊತ್ತಾಗಿ ಅಲ್ಲೇ ಉಳಿದರೆ ಸೋಮವಾರ ಎತ್ತು ಹೂಡುವ ಹಾಗಿಲ್ಲವಲ್ಲ ಎಂದು ದೇವೀರಿ ಕೇಳಿದಳು. ನನ್ನ ಮೊಮ್ಮಗಳು. ರೈಲೇ ಸೈ ಎಂದಾಯಿತು.

ಇಂದ್ರಮ್ಮನಿಗೆ ಮದ್ದೂರು ಸ್ಟೇಷನ್ನಿನ ವಡೆ ತಿನ್ನಬೇಕಂತೆ. ರೈಲಿನ ಕಿಟಕಿಯಿಂದ ಕೈ ಚಾಚಿ ತೆಗೆದುಕೊಳ್ಳಬೇಕಂತೆ, ಇಳಿದು ತೆಗೆದುಕೊಂಡರೆ ಆಗದಂತೆ. ‘ಮದ್ದೂರಲ್ಲಿ ನಾವೇ ಇಳಿಬೇಕು ಕಣವ್ವ, ಇಳಿದೋರಿಗೆ ಕಿಟ್ಕಿ ಯಾಕೆ?’ ಎಂದು ದೇವೀರಿ ನಕ್ಕಳು. ‘ನೀನ್ ಇಳ್ಕೊ. ನಾನು ವಡೆ ತಗೊಂಡು ಆಮ್ಯಾಕೆ ಇಳಿತೀನಿ’ ಎಂದಳು ತಾಯಿ. ಉಡಲು ದೀಪಾವಳಿಗೆ ತೆಗೆದಿಟ್ಟ ಮಾವಿನಕಾಯಿ ಅಂಚಿನ ಸೀರೆಯಂತೆ. ನೀರು ಹಾರಿ ಒದ್ದೆಯಾದರೆ ಎಂದು ಪುನಃ ಅದನ್ನು ಮಡಿಸಿ ಹಳೆಯದನ್ನು ತೆಗೆದಳು. ಪುನಃ ಹೊಸದನ್ನೇ ತೆಗೆದಳು.

‘ಅತ್ತೆಮ್ಮ, ಅಲ್ಲಿ ನೀರ್ನ ಸದ್ದಿಗೆ ಪಕ್ದಲ್ಲಿರೋರ್ ಮಾತೂ ಕೇಳಾಕಿಲ್ವಂತೆ, ನಿಜ್ವಾ?’

‘ನಿಜ’ ಎಂದೆ. ಮದುವೆಯಾದ ಹೊಸತರಲ್ಲಿ ನಾನೂ ಒಂದು ಸಲ ನೋಡಿದ್ದೇನೆ.

ಈ ವಾರ ಅವಳ ಹೆಸರಿಗೆ ಏನೂ ಬರೆದಿಲ್ಲ. ಮುಖ ಸ್ವಲ್ಪ ಬಿಳಿಚಿಕೊಂಡಿದೆ.

ಅಕ್ಟೋಬರ್ ೨೧, ಸೋಮವಾರ

ತಂತಿ ಬಂತು. ಗುರುವಾರ ಹಡಗು ಹತ್ತುತ್ತಾನೆ. ಮದರಾಸಿಗೆ ನಾಲ್ಕು ದಿನ, ದೀಪಾವಳಿಗೆ ಮನೆ.

ತಂತಿ ಕೇಳಿದ್ದೇ ತಡ ಇಂದ್ರಮ್ಮ ತಂಬಿಟ್ಟಿಗೆಂದು ಅಕ್ಕಿ ನೆನೆಹಾಕಿ, ಒಣಗಿಸಿ, ಒನಕೆ ಹಿಡಿದಳು. ಮೊನ್ನೆಯಿಂದ ಜ್ವರ ಮತ್ತೆ ಬಂದಿದೆ, ಇವತ್ತು ಬರುವ ದಿನ. ನನಗೆ ಗೊತ್ತು, ಅವಳಿಗೂ ಗೊತ್ತು. ಕುಟ್ಟುತ್ತ ಕುಟ್ಟುತ್ತ ಒನಕೆ ಗುರಿ ತಪ್ಪಿ ಒರಳಿನ ಅಂಚಿಗೆ ಬಿತ್ತು. ‘ಸಾಕು, ನಾನ್ ಕುಟ್ತೀನಿ’ ಎಂದೆ. ‘ಇಲ್ಲ ಅತ್ತೆಮ್ಮ, ನೀನ್ ಬೇಜಾರ್ ಮಾಡ್ಕೊಬ್ಯಾಡ, ಆಯ್ತು’ ಎಂದಳು. ನನಗೆ ಬೇಜಾರೆಂದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಮೆಲ್ಲಗೆ ಹೇಳಿದ ಮಾತನ್ನು ಅವಳು ನನ್ನ ಮಾತೆಂದೇ ಎಣಿಸುವುದಿಲ್ಲ. ‘ಬಿಡೇ ಒನಕೆಯ, ಹೋಗಿ ಬಿದ್ಕೊಳೇ’ ಎಂದಿದ್ದರೆ ಆಗಲೇ ಬಿಡುತ್ತಿದ್ದಳು. ನಾನು ಒನಕೆಗೆ ಕೈ ಹಾಕಿ ಎಳೆದೆ, ಅವಳು ಬಿಡಲಿಲ್ಲ. ಇಬ್ಬರೂ ನಿಂತೆವು ಮಕ್ಕಳ ಹಾಗೆ.

ಕುಟ್ಟಿ ಮುಗಿಸಿಯೇ ಮಲಗಿದಳು.

ಅಕ್ಟೋಬರ್ ೨೫, ಶುಕ್ರವಾರ

ಜ್ವರ ಇಳಿಯುತ್ತಲೇ ಇಲ್ಲ. ಏನೇನೋ ಮಾತಾಡುತ್ತಾಳೆ. ಹುಚ್ಚೀರಯ್ಯ ಮಂಡ್ಯದಿಂದ ಡಾಕ್ಟರನ್ನು ಗಾಡಿಯಲ್ಲಿ ಕರೆತಂದ. ಸೂಜಿ ಚುಚ್ಚಿದರು. ಕಣ್ಣ ರೆಪ್ಪೆ ಎಳೆದು ನೋಡಿ, ತಲೆಗೆ ಏರಿದೆ ಎಂದರು.

‘ಮಾತ್ರೆ ಕೊಟ್ಟಿರಲಿಲ್ಲವೇ?’

ನಾನು ಒರಳುಕಲ್ಲಿನ ಹಿಂದೆ ಕೈ ಹಾಕಿ ತೆಗೆದು ತೋರಿಸಿದೆ. ಹತ್ತರಲ್ಲಿ ಎಂಟು ಇದ್ದವು.

‘ಮನೆಯಲ್ಲಿ ಗದರಿಸಿ ನುಂಗಿಸುವವರು ಯಾರೂ ಇರಲಿಲ್ಲವೇನಮ್ಮ?’ ಎಂದು ಕೇಳಿದರು.

ಹುಚ್ಚೀರಯ್ಯ ನನ್ನ ಮುಖ ನೋಡಿದ. ಅವನು ನನ್ನ ಬಾಯಿಗೆ ಮೂವತ್ತು ವರ್ಷ ಸಿಕ್ಕಿಕೊಂಡವನು.

ಅಕ್ಟೋಬರ್ ೨೬, ಶನಿವಾರ

ಮಧ್ಯಾಹ್ನ ಅವಳಿಗೆ ಚೆನ್ನಾಗಿ ತಿಳಿವು ಬಂತು. ದೇವೀರಿಯನ್ನು ಹೊರಗೆ ಕಳಿಸು ಎಂದಳು. ಕಳಿಸಿದೆ.

‘ಅತ್ತೆಮ್ಮ, ನಾನೇನ್ ತಪ್ ಮಾಡ್ದೆ?’

‘ಏನೂ ಇಲ್ಲ.’

‘ಒಂದೂವರೆ ತಿಂಗ್ಳಾಯ್ತು ನೀನ್ ನನ್ನ ಬಯ್ದು. ನಾನ್ ನಿಂಗೆ ಬ್ಯಾಡ್ವಾದ್ನಾ? ಅವ್ರು ಬಂದ್ರೆ ಬುಡ್ಸ್‌ಬುಟ್ಟು ದುದ್ದಕ್ಕೆ ಕಳ್ಸುಬುಡ್ತೀಯಾ?’

ತಲೆ ಅಲ್ಲಾಡಿಸಿದೆ.

‘ಒಂದ್ಸಲ ಬಯ್ದುಬುಡು ಅತ್ತೆಮ್ಮ. ಒಂದೇ ಒಂದ್ಸಲ. ಮೂದೇವಿ, ಏಳೇ ಅಂದುಬುಡು. ಎದ್ದು ಕೂತ್ಕತೀನಿ.’

ಬಾಯಿ ತೆರೆದೆ. ಮೂ ಎಂಬ ಅಕ್ಷರ ತುಟಿಯ ಮೇಲೆ ಇತ್ತು. ಆ ಹೊತ್ತಿಗೆ ಅವನು ನೀರಿನ ನಟ್ಟನಡುವೆ ಇದ್ದ. ಸುತ್ತ ಕಡಲು, ಕೆಳಗೆ ಅದೇನೋ ಗುಂಡು ಇಟ್ಟುಕೊಂಡು ಕಾಯುವವರು. ಗುಡಿಯಲ್ಲಿ ಕಲ್ಲಿನ ಮುಂದೆ ನಿಂತು ಹೇಳಿದ ಮಾತು. ಇಲ್ಲಿ ನಾನು ಒಂದು ಮಾತು ಬಿಟ್ಟರೆ ಅಲ್ಲಿ ಹಡಗು ಮುಳುಗಿದರೆ? ಹೇಳಿಬಿಡೋಣವೆಂದರೆ ಅದೂ ಹರಕೆ ಮುರಿದಂತೆಯೇ.

‘ಮಲಗಮ್ಮ’ ಎಂದೆ.

ಅಮ್ಮ ಎಂದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಅಕ್ಟೋಬರ್ ೨೭, ಭಾನುವಾರ

ಹೋದಳು. ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ.

ದುದ್ದದಿಂದ ಅವಳ ಅಣ್ಣ ಬೋರಯ್ಯ ತವರಿನ ಸೀರೆ ತಂದು ಹೊದಿಸಿದ. ಮಾವಿನಕಾಯಿ ಅಂಚಿನದನ್ನೂ ನಾನು ಒಳಗೆ ಇಡಿಸಿದೆ. ನಮ್ಮ ಹೊಲದಲ್ಲೇ ಮಣ್ಣು ಮಾಡಿದರು.

ಅಕ್ಟೋಬರ್ ೩೦, ಬುಧವಾರ

ನಿನ್ನೆ ಹಾಲುತುಪ್ಪ ಬಿಟ್ಟು ಬಂದೆವು. ಇವತ್ತು ಅವನು ಬಂದ.

ಸ್ಟೇಷನ್ನಿನಲ್ಲಿ ಹೇಳೆಂದು ಹುಚ್ಚೀರಯ್ಯನಿಗೆ ಹೇಳಿದ್ದೆ. ಅವನ ಬಾಯಿಗೆ ಬರಲಿಲ್ಲವಂತೆ. ದಾರಿಯುದ್ದಕ್ಕೂ ಎಡದ ಎತ್ತಿನ ಗೊರಸಿನ ವಿಚಾರವೇ ಮಾತಾಡಿದನಂತೆ. ಸಿದ್ದರಾಜು ಗಾಡಿಯಿಂದ ಹಾರಿ ಇಳಿದ, ಕೈಯಲ್ಲಿ ರಂಗೂನಿನ ಕೊಡೆ. ಎಣ್ಣೆ ಹಚ್ಚಿದ ಕಾಗದದ್ದು, ಕೆಂಪಗೆ, ಅಂಚಿಗೆ ಹೂವು ಬರೆದದ್ದು. ಗಗನಚುಕ್ಕಿಯಲ್ಲಿ ನೀರು ಹಾರುತ್ತದೆಂದು ತಂದದ್ದು. ಹೊಸಲು ದಾಟುತ್ತ ಕೊಡೆ ಬಿಚ್ಚಿದ.

‘ಎಲ್ಲವ್ವ ಇವ್ಳು?’

ಬೀದಿಯಲ್ಲಿ ಯಾರದೋ ಮನೆಯ ಮಕ್ಕಳು ಪಟಾಕಿ ಹಚ್ಚುತ್ತಿದ್ದರು. ನಮ್ಮ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಅವನು ದೇವೀರಿಯನ್ನು ನೋಡಿದ, ನನ್ನನ್ನು ನೋಡಿದ. ಕೊಡೆ ಮುಚ್ಚಲು ಹೋದ. ಕಡ್ಡಿ ಸಿಕ್ಕಿಕೊಂಡಿತು.

ಅವನು ಹೊಸಲು ದಾಟಿದ ಗಳಿಗೆಗೆ ಹರಕೆ ತೀರಿತು. ಇನ್ನು ನಾನು ಯಾರನ್ನು ಬೇಕಾದರೂ ಬಯ್ಯಬಹುದು.

ನವೆಂಬರ್ ೬, ಬುಧವಾರ

ತಿಥಿ ಆಯಿತು. ಊರೆಲ್ಲ ಉಂಡು ಹೋಯಿತು. ಎಲೆ ಹಾಕಿದವರು ಒಂದು ಸಾಲು ಬಿಟ್ಟು ಇನ್ನೊಂದು ಸಾಲಿಗೆ ಬಡಿಸಿದರು, ಪಾಯಸ ತಳ ಹಿಡಿಸಿದರು. ನಾನು ನೋಡುತ್ತ ಕೂತಿದ್ದೆ. ಮಹದೇವಮ್ಮ ಪಕ್ಕದಲ್ಲಿ ಬಂದು ಕೂತು, ‘ಬಯ್ಯಕ್ಕ, ನನ್ನಾರ ಬಯ್ಯಿ, ಎದೆ ಅಗುರಾಯ್ತದೆ’ ಎಂದಳು. ಒಂದು ಪೂರಾ ಪುಟ ಬರೆದಿಟ್ಟಿದ್ದೆನಲ್ಲ ಅವಳಿಗೆ. ಒಂದು ಅಕ್ಷರವೂ ನೆನಪಾಗಲಿಲ್ಲ.

ಸಾಹುಕಾರರು ಕೊಟ್ಟ ಎರಡು ದಿನದ ರಜ ಬರುವ ಶನಿವಾರ, ಭಾನುವಾರ. ಬೇಡವೆಂದು ಹೇಳಿಕಳಿಸುತ್ತೇನೆ ಎಂದ ಸಿದ್ದರಾಜು.

‘ಓಗನ’ ಎಂದೆ.

‘ಊರೋರು ಏನಂದಾರವ್ವ?’

‘ಕಾವೇರಿ ಸ್ನಾನಕ್ಕೆ ಓಗಿದ್ರು ಅಂತಾರೆ. ತಂಬಿಟ್ಟಿನ ಇಟ್ಟು ಅವ್ಳು ಕುಟ್ಟಿದ್ದು ಡಬ್ಬದಲ್ಲೇ ಅದೆ.’

ಅವನು ಎದ್ದು ಹಿತ್ತಿಲಿಗೆ ಹೋದ.

ನವೆಂಬರ್ ೧೦, ಭಾನುವಾರ. ಬೆಳಕವಾಡಿ, ತಂಗಿ ಮಂಗಳಮ್ಮನ ಮನೆ

ಅವಳು ಹಾಕಿದ ಲೆಕ್ಕದಂತೆಯೇ ಬಂದೆವು. ರೈಲು, ಬಸ್ಸು, ಇನ್ನೊಂದು ಬಸ್ಸು. ಮದ್ದೂರಿನಲ್ಲಿ ಜನ ಇಳಿಯುತ್ತಿದ್ದರೂ ದೇವೀರಿ ಏಳಲಿಲ್ಲ. ಕಿಟಕಿಯಿಂದ ಕೈ ಚಾಚಿ ವಡೆ ತೆಗೆದುಕೊಂಡು ಆಮೇಲೆ ಇಳಿದಳು. ನಾಲ್ಕು ತೆಗೆದುಕೊಂಡಿದ್ದಳು. ನಾಲ್ಕನೆಯದನ್ನು ಸಿದ್ದರಾಜು ಎಲೆಯಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡ.

ಇವತ್ತು ಬೆಳಿಗ್ಗೆ ಗಗನಚುಕ್ಕಿ. ಈ ವರ್ಷ ಮಳೆ ಚೆನ್ನಾಗಿ ಆಗಿದೆ. ಬಂಡೆಯೆಲ್ಲ ನಡುಗುತ್ತಿತ್ತು. ಅಪ್ಪ ಮಗಳು ಕೆಂಪು ಕೊಡೆ ಹಿಡಿದು ಮುಂದಕ್ಕೆ ಹೋದರು. ನಾನು ಹಿಂದೆ ಒಂದು ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಸುತ್ತಿ ತಂದಿದ್ದ ಈ ಪುಸ್ತಕ ತೆಗೆದೆ.

ಅವಳ ಪಾಲಿನದು ಅವಳಿಗೆ ಕೊಡುವುದಿತ್ತಲ್ಲ. ಮೊದಲಿನಿಂದ ಓದಿದೆ, ಗಟ್ಟಿಯಾಗಿ, ನನ್ನ ಬೀದಿಯ ಗಂಟಲಿನಲ್ಲಿ. ಹಾಲು ಉಕ್ಕಿಸಿದ್ದಕ್ಕೆ. ಉಪ್ಪಿಗೆ. ಅಗುಳಿಗೆ. ಕುಂಟೆಬಿಲ್ಲೆಗೆ. ನನ್ನ ದನಿ ನನಗೇ ಕೇಳಲಿಲ್ಲ. ಅವಳು ಹೇಳಿದ್ದು ನಿಜ. ಓದುತ್ತ ಓದುತ್ತ ಎಂಟನೆಯ ತಾರೀಖಿಗೆ ಬಂದೆ. ಮಾತ್ರೆಯ ದಿನ. ಅಲ್ಲಿ ಕೋಳಿಗೆ ಬರೆದಷ್ಟೂ ಅವಳಿಗೆ ಬರೆದಿಲ್ಲ. ಅವನು ಬರಲಿ, ಆಮೇಲೆ ಎಂದು ಬರೆದಿದ್ದೇನೆ.

ಪುಸ್ತಕ ಮುಚ್ಚಿ ಬಾಯಿಂದಲೇ ಬೈದೆ. ನುಂಗೇ ಮೂದೇವಿ, ಕಹಿಯಾದರೆ ಆಗಲಿ ನುಂಗೇ, ಗೋಡೆಗೇನು ಜ್ವರ ಬಂದಿದೆಯೇನೇ, ಗೋಡೆಗೆ ತಿನ್ನಿಸುತ್ತೀಯಲ್ಲೇ, ಒನಕೆ ಬಿಡೇ, ಏಳೇ, ಎದ್ದು ಕೂತುಕೊಳ್ಳೇ ಎಂದು ಬೈದೆ. ನನಗೆ ಗೊತ್ತಿದ್ದದ್ದೆಲ್ಲ ಮುಗಿದ ಮೇಲೆ, ಗೊತ್ತಿಲ್ಲದ್ದನ್ನೂ ಬೈದೆ.

ಸಿದ್ದರಾಜು ತಿರುಗಿ ನೋಡಿ ನನ್ನ ಬಾಯಿ ಆಡುವುದನ್ನು ಕಂಡು ಓಡಿ ಬಂದ. ಕಿವಿಯ ಹತ್ತಿರ ಬಗ್ಗಿ ಕೂಗಿದ: ‘ಯಾರ್ನವ್ವ ಬಯ್ತಿದ್ದೀಯೆ?’

‘ನಿನ್ ಎಂಡ್ರನ್ನ ಕಣ್ಲಾ’ ಎಂದು ಅವನ ಕಿವಿಗೆ ಕೂಗಿದೆ.

ಅವನು ಕಲ್ಲಿನ ಮೇಲೆ ಪಕ್ಕದಲ್ಲಿ ಕೂತ. ‘ಬಯ್ಯಿ’ ಎಂದ.

ಹರಕೆಯ ವಿಷಯ ಅವನಿಗೆ ಹೇಳಿಲ್ಲ. ತೀರಿದ ಹರಕೆ, ಹೇಳಬಹುದು. ಹೇಳಿದರೆ ತಾನು ಯಾವುದಕ್ಕೆ ಬದಲಾಗಿ ಮನೆಗೆ ಬಂದೆನೆಂದು ಅವನಿಗೆ ಗೊತ್ತಾಗುತ್ತದೆ. ಅದು ನನ್ನ ಹತ್ತಿರವೇ ಇರಲಿ. ಅರಿಸಿನದ ಬಟ್ಟೆಯ ಕಾಸು ಇನ್ನೂ ಗೂಡಿನಲ್ಲೇ ಇದೆ. ಗುಡಿಗೆ ಕೊಡಲು ಕಾಲು ಬಂದಿಲ್ಲ.

ತಂಬಿಟ್ಟು ಚೆನ್ನಾಗಿತ್ತು. ಹಿಟ್ಟು ನಯವಾಗಿ ಕುಟ್ಟಿದ್ದಳು.

ನವೆಂಬರ್ ೧೯, ಮಂಗಳವಾರ

ದೇವೀರಿಗೆ ಮಧ್ಯಾಹ್ನ ಚಳಿ ಬಂತು. ಇನ್ಸ್‌ಪೆಕ್ಟರು ಮಾತ್ರೆ ಕೊಟ್ಟರು. ಬಾಯಲ್ಲಿಟ್ಟುಕೊಂಡು ಕೆನ್ನೆಯೊಳಗೆ ಒತ್ತಿ ಹಿಡಿದಳು, ತಾಯಿಯ ಹಾಗೆಯೇ.

ಬೈದೆ. ಮಹದೇವಮ್ಮ ಗೋಡೆಯಾಚೆಯಿಂದ ಎದ್ದು ನೋಡಿದಳು. ಬೀದಿಯ ಆ ತುದಿಯಲ್ಲಿ ಹುಚ್ಚೀರಯ್ಯ ಗಾಡಿ ನಿಲ್ಲಿಸಿದನಂತೆ.

ನುಂಗಿದಳು. ನಾಲಗೆ ಎತ್ತಿಸಿ ನೋಡಿದೆ. ನುಂಗಿದ್ದಳು.